ಪಂದ್ಯದ ಮರುದಿನದ ವಾದ: ನಾಲ್ಕು ಪ್ರಶ್ನೆಗಳು

(ಪದವಿ ತರಗತಿಗಳ ಭಾಷಾ ಕೌಶಲ ಅಧ್ಯಯನಕ್ಕೆ ಪೂರಕ ಪಾಠ)



ವಾದಸರಣಿಯನ್ನು ಕುರಿತು ಪಾಠ ಹೇಳುವಾಗ ಅಧ್ಯಾಪಕರಾದ ನಾವು ಸಾಮಾನ್ಯವಾಗಿ ವೈಚಾರಿಕ ಪ್ರಬಂಧಗಳಿಂದ ಉದಾಹರಣೆಗಳನ್ನು ಆಯ್ದುಕೊಳ್ಳುತ್ತೇವೆ. ಆದರೆ ನಿಮ್ಮ ವಯಸ್ಸಿನವರು ಎದುರಾಳಿಯ ಒಂದೊಂದು ಮಾತನ್ನೂ ಹಿಡಿದು, ಮನಸ್ಸಿಟ್ಟು ವಾದಿಸುವುದು ದೊಡ್ಡ ಪಂದ್ಯವೊಂದರ ಮರುದಿನ. ‘ಪರ-ವಿರೋಧ ಚರ್ಚಿಸಿರಿ’ ಎಂಬ ಪ್ರಶ್ನೆಗೆ ಅರ್ಧ ಪುಟ ಬರೆದು ಲೇಖನಿ ಕೆಳಗಿಡುವ ವಿದ್ಯಾರ್ಥಿ, ಅಂಪೈರ್ ನೀಡಿದ ಒಂದು ತೀರ್ಪಿನ ಬಗ್ಗೆ ಒಂದು ಗಂಟೆ ಆಯಾಸವಿಲ್ಲದೆ ಮಾತನಾಡಬಲ್ಲ. ಆದುದರಿಂದ ಈ ಪಾಠಕ್ಕೆ ಕ್ರೀಡಾಭಿಮಾನಿಗಳ ಚರ್ಚೆಯನ್ನೇ ಆಧಾರವಾಗಿ ಇಟ್ಟುಕೊಂಡಿದ್ದೇನೆ.

ಇದಕ್ಕೆ ಇನ್ನೊಂದು ಕಾರಣವೂ ಉಂಟು. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಭಾಗದ ನಮ್ಮಲ್ಲಿ ಅನೇಕರಿಗೆ ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ, ಮೊಬೈಲಿನಲ್ಲಿ ಹಿಂದಿ. ಪಂದ್ಯದ ವಾದ ಮರಾಠಿಯಲ್ಲಿಯೋ ಹಿಂದಿಯಲ್ಲಿಯೋ ನಡೆಯುತ್ತದೆ. ಎರಡೂ ಭಾಷೆಗಳಲ್ಲಿ ಓದಿ ಬೆಳೆದ ನನಗೆ ಮರಾಠಿಯಲ್ಲಿ ವಾದಿಸುವುದು ಕೊರತೆಯಾಗಿ ತೋರುವುದಿಲ್ಲ. ಕನ್ನಡದಲ್ಲಿ ವಾದಿಸದೆ ಇರುವುದು ಮಾತ್ರ ಕೊರತೆಯೇ ಸರಿ. ಪ್ರೀತಿಗೆ, ಪೂಜೆಗೆ, ರಾಜ್ಯೋತ್ಸವದ ಭಾಷಣಕ್ಕೆ ಬಳಕೆಯಾಗುತ್ತ ಭಿನ್ನಾಭಿಪ್ರಾಯಕ್ಕೆ ಬಳಕೆಯಾಗದ ಭಾಷೆ ಕ್ರಮೇಣ ಗೋಡೆಯ ಮೇಲಿನ ಚಿತ್ರಪಟವಾಗುತ್ತದೆ. ಅದಕ್ಕೆ ಹಾರ ಹಾಕುತ್ತೇವೆ, ಅದರೊಡನೆ ಮಾತನಾಡುವುದಿಲ್ಲ.

ಅಭಿಮಾನಿಗಳ ಯಾವುದೇ ವಾದವನ್ನು ಬಿಡಿಸಿ ನೋಡಿದರೆ ಅದರೊಳಗೆ ನಾಲ್ಕು ಪ್ರಶ್ನೆಗಳು ಕಾಣುತ್ತವೆ: ಏನಾಯಿತು? ನಿಯಮವೇನು? ಅದು ನ್ಯಾಯವೇ? ನಮ್ಮವರು ಯಾರು? ಒಂದು ಪ್ರಶ್ನೆಗೆ ಇನ್ನೊಂದರ ಉತ್ತರವನ್ನು ಕೊಟ್ಟಾಗ ವಾದ ಜಗಳವಾಗುತ್ತದೆ. ಇವುಗಳನ್ನು ಬೇರ್ಪಡಿಸಿ ನೋಡುವುದೇ ಈ ಪಾಠದ ಉದ್ದೇಶ.

೧. ಏನಾಯಿತು?

ಇದು ಘಟನೆಗೆ ಸಂಬಂಧಿಸಿದ ಪ್ರಶ್ನೆ. ಚೆಂಡು ಬ್ಯಾಟಿಗೆ ತಗುಲಿತೇ ಇಲ್ಲವೇ ಎಂಬುದಕ್ಕೆ ಅಭಿಪ್ರಾಯ ಉತ್ತರವಾಗಲಾರದು, ಸಾಕ್ಷಿಯೇ ಬೇಕು. ಸಾಕ್ಷಿ ಎಷ್ಟು ಬಲವಾದುದು ಎಂಬುದನ್ನು ತಿಳಿಸಲು ಕನ್ನಡದ ಕ್ರಿಯಾಪದದಲ್ಲಿಯೇ ವ್ಯವಸ್ಥೆಯಿದೆ. ಈ ಐದು ವಾಕ್ಯಗಳನ್ನು ನೋಡಿರಿ:

ಚೆಂಡು ಬ್ಯಾಟಿಗೆ ತಗುಲಿತು.
ಚೆಂಡು ಬ್ಯಾಟಿಗೆ ತಗುಲಿತಂತೆ.
ಚೆಂಡು ಬ್ಯಾಟಿಗೆ ತಗುಲಿರಬೇಕು.
ಚೆಂಡು ಬ್ಯಾಟಿಗೆ ತಗುಲಿರಬಹುದು.
ಚೆಂಡು ಬ್ಯಾಟಿಗೆ ತಗುಲೀತು.

ಮೊದಲನೆಯದು ಕಣ್ಣಾರೆ ಕಂಡವನ ಮಾತು. ಎರಡನೆಯದು ಕೇಳಿದವನ ಮಾತು. ಮೂರನೆಯದು ಸದ್ದು ಕೇಳಿಯೋ ಚೆಂಡಿನ ದಿಕ್ಕು ಬದಲಾದುದನ್ನು ಕಂಡೋ ಊಹಿಸಿದವನದು. ನಾಲ್ಕನೆಯದು ಸಾಧ್ಯತೆಯನ್ನು ಅಲ್ಲಗಳೆಯದವನ ಮಾತು. ಕೊನೆಯದು ಶಾಲೆಯ ವ್ಯಾಕರಣದಲ್ಲಿ ನೀವು ಕಲಿತ ಸಂಭಾವನಾರ್ಥ ಕ್ರಿಯಾರೂಪ. ಇನ್ನೂ ನಡೆಯದುದರ ಬಗೆಗಿನ ಎಣಿಕೆ. ‘ತಗುಲಿತು’ ಮತ್ತು ‘ತಗುಲೀತು’ಗಳ ನಡುವೆ ಇರುವುದು ಒಂದು ದೀರ್ಘಸ್ವರದ ಅಂತರ ಮಾತ್ರ, ಅರ್ಥದಲ್ಲಿ ಮಾತ್ರ ನಡೆದುದಕ್ಕೂ ನಡೆಯಬಹುದಾದುದಕ್ಕೂ ಇರುವಷ್ಟು ದೂರ.

ಮರಾಠಿಯಲ್ಲಿಯೂ ಇಂಥ ಶ್ರೇಣಿಯೊಂದಿದೆ: ‘ಚೇಂಡೂ ಬ್ಯಾಟಲಾ ಲಾಗಲಾ’, ‘ಲಾಗಲಾ ಮ್ಹಣೇ’, ‘ಲಾಗಲಾ ಅಸಾವಾ’. ಚೆಂಡಿಗೆ ಎರಡೂ ಭಾಷೆಗಳಲ್ಲಿ ಹೆಚ್ಚುಕಡಿಮೆ ಒಂದೇ ಹೆಸರು. ‘ಅಂತೆ’ ಮಾಡುವ ಕೆಲಸವನ್ನು ಅಲ್ಲಿ ‘ಮ್ಹಣೇ’ ಮಾಡುತ್ತದೆ. ಇವೆರಡನ್ನೂ ಬಲ್ಲ ಗಡಿನಾಡಿನ ವಿದ್ಯಾರ್ಥಿಗೆ ಕಂಡದ್ದನ್ನೂ ಕೇಳಿದ್ದನ್ನೂ ಬೆರೆಸಿ ಮಾತನಾಡಲು ಯಾವ ನೆಪವೂ ಇಲ್ಲ.

ಎಲ್‌ಬಿಡಬ್ಲ್ಯು ತೀರ್ಪಿನ ಮರುಪರಿಶೀಲನೆಯಲ್ಲಿ ಬರುವ ‘ಅಂಪೈರ್ಸ್ ಕಾಲ್’ ವಿವಾದವನ್ನು ಈ ಬೆಳಕಿನಲ್ಲಿ ನೋಡಬಹುದು. ‘ಪರದೆಯ ಮೇಲೆ ಚೆಂಡು ವಿಕೆಟಿಗೆ ಬಡಿಯಿತು, ಆದರೂ ಔಟ್ ಕೊಡಲಿಲ್ಲ’ ಎಂದು ಅಭಿಮಾನಿ ಸಿಟ್ಟಾಗುತ್ತಾನೆ. ವಾಸ್ತವವಾಗಿ ಚೆಂಡು ವಿಕೆಟಿಗೆ ಬಡಿಯಲೇ ಇಲ್ಲ. ಕಾಲಿಗೆ ಬಡಿದು ನಿಂತಿತು. ಕಾಲು ಅಡ್ಡ ಇರದಿದ್ದರೆ ಅದು ಯಾವ ದಾರಿಯಲ್ಲಿ ಸಾಗುತ್ತಿತ್ತು ಎಂಬ ಲೆಕ್ಕಾಚಾರವನ್ನು ಯಂತ್ರ ಚಿತ್ರವಾಗಿ ತೋರಿಸುತ್ತದೆ. ಅಂದರೆ ಯಂತ್ರದ ಮಾತು ‘ಬಡಿಯಿತು’ ಎಂಬ ಭೂತಕಾಲದ್ದಲ್ಲ, ‘ಬಡಿದೀತು’ ಎಂಬ ಸಂಭಾವನೆಯದು. ಚೆಂಡಿನ ಅರ್ಧಕ್ಕಿಂತ ಕಡಿಮೆ ಭಾಗ ವಿಕೆಟಿಗೆ ತಾಗುವಂತೆ ಕಂಡರೆ ಮೈದಾನದ ಅಂಪೈರ್ ಕೊಟ್ಟ ತೀರ್ಪೇ ಉಳಿಯುತ್ತದೆ. ಅದು ಔಟ್ ಆಗಿದ್ದರೂ ಸರಿ, ನಾಟ್ ಔಟ್ ಆಗಿದ್ದರೂ ಸರಿ. ಈ ವ್ಯವಸ್ಥೆ ನಿಮಗೆ ಒಪ್ಪಿಗೆಯಾಗದಿರಬಹುದು. ಆದರೆ ಎಣಿಕೆಯನ್ನು ಘಟನೆಯೆಂದು ಕರೆದು ವಾದಿಸಿದರೆ ಮೊದಲ ಹೆಜ್ಜೆಯೇ ತಪ್ಪುತ್ತದೆ.

೨. ನಿಯಮವೇನು?

ಎರಡನೆಯ ಪ್ರಶ್ನೆ ಪಠ್ಯಕ್ಕೆ ಸಂಬಂಧಿಸಿದುದು. ಇಲ್ಲಿ ಬೇಕಾದುದು ಓದಿನ ಎಚ್ಚರ. 2019ರ ಜುಲೈ 14ರಂದು ಲಾರ್ಡ್ಸ್‌ನಲ್ಲಿ ನಡೆದ ವಿಶ್ವಕಪ್ ಫೈನಲ್ ಇದಕ್ಕೆ ಒಳ್ಳೆಯ ಪಾಠ. ನ್ಯೂಜಿಲೆಂಡಿನ 241 ರನ್ನುಗಳನ್ನು ಬೆನ್ನಟ್ಟಿದ ಇಂಗ್ಲೆಂಡಿಗೆ ಕೊನೆಯ 3 ಎಸೆತಗಳಲ್ಲಿ 9 ರನ್ ಬೇಕಾಗಿತ್ತು. ಬೆನ್ ಸ್ಟೋಕ್ಸ್ ಎರಡನೆಯ ರನ್ನಿಗಾಗಿ ಓಡಿಬಂದು ನೆಲಕ್ಕೆ ಬೀಳುತ್ತಿದ್ದಂತೆ, ಮಾರ್ಟಿನ್ ಗಪ್ಟಿಲ್ ಎಸೆದ ಚೆಂಡು ಅವರ ಬ್ಯಾಟಿಗೆ ತಾಗಿ ಬೌಂಡರಿ ದಾಟಿತು. ಅಂಪೈರ್ ಕುಮಾರ ಧರ್ಮಸೇನ 6 ರನ್ ನೀಡಿದರು: ಓಡಿದ 2, ಬೌಂಡರಿಯ 4.

ಮರುದಿನದ ವಾದ ಸ್ಟೋಕ್ಸ್ ಬೇಕೆಂದೇ ಬ್ಯಾಟ್ ಚಾಚಿದರೇ ಎಂಬುದರ ಸುತ್ತ ಬಹಳಷ್ಟು ತಿರುಗಿತು. ಆದರೆ ನಿಜವಾದ ತೊಡಕು ಇದ್ದುದು ನಿಯಮದ ಒಂದು ಪದಗುಚ್ಛದಲ್ಲಿ. 19.8ನೆಯ ನಿಯಮದಂತೆ, ಪೂರ್ಣಗೊಳ್ಳದ ರನ್ನನ್ನು ಎಣಿಸಬೇಕಾದರೆ ಚೆಂಡನ್ನು ಎಸೆದ ಕ್ಷಣದಲ್ಲಿ ಬ್ಯಾಟರುಗಳು ಒಬ್ಬರನ್ನೊಬ್ಬರು ದಾಟಿರಬೇಕು. ಬ್ಯಾಟಿಗೆ ತಾಗಿದ ಕ್ಷಣವಲ್ಲ, ಎಸೆದ ಕ್ಷಣ. ಗಪ್ಟಿಲ್ ಎಸೆದಾಗ ಸ್ಟೋಕ್ಸ್ ಮತ್ತು ಆದಿಲ್ ರಶೀದ್ ಪರಸ್ಪರ ದಾಟಿರಲಿಲ್ಲ. ಆದುದರಿಂದ ಸಲ್ಲಬೇಕಾದುದು 5 ರನ್ ಎಂದು ಖ್ಯಾತ ಅಂಪೈರ್ ಸೈಮನ್ ಟಾಫೆಲ್ ಹೇಳಿದರು. ತಾವು ಎಡವಿದುದನ್ನು ಧರ್ಮಸೇನರೂ ಮುಂದೆ ಒಪ್ಪಿಕೊಂಡರು. ‘ಎಸೆದ’, ‘ತಾಗಿದ’ ಎಂಬ ಎರಡು ಕೃದಂತಗಳ ನಡುವಿನ ವ್ಯತ್ಯಾಸ ವಿಶ್ವಕಪ್ಪಿನ ಫೈನಲ್‌ನಲ್ಲಿ ಒಂದು ರನ್ನಿನ ಬೆಲೆಯದಾಯಿತು. ವ್ಯಾಕರಣದಿಂದ ಏನು ಪ್ರಯೋಜನ ಎಂದು ಕೇಳುವವರಿಗೆ ಇದನ್ನು ಹೇಳಬಹುದು.

೩. ಅದು ನ್ಯಾಯವೇ?

ಅದೇ ಪಂದ್ಯ ಮೂರನೆಯ ಪ್ರಶ್ನೆಗೂ ನಮ್ಮನ್ನು ಕರೆದೊಯ್ಯುತ್ತದೆ. ಇಂಗ್ಲೆಂಡ್ ಸಹ 241ಕ್ಕೇ ನಿಂತಿತು. ಸೂಪರ್ ಓವರ್‌ನಲ್ಲಿಯೂ ಎರಡು ತಂಡಗಳು ತಲಾ 15 ರನ್ ಗಳಿಸಿದವು. ಆಗ 26 ಬೌಂಡರಿ ಹೊಡೆದಿದ್ದ ಇಂಗ್ಲೆಂಡ್ 17 ಹೊಡೆದಿದ್ದ ನ್ಯೂಜಿಲೆಂಡನ್ನು ಮೀರಿಸಿದೆಯೆಂದು ಘೋಷಣೆಯಾಯಿತು.

ಇಲ್ಲಿ ಘಟನೆಯ ಬಗ್ಗೆ ಸಂದೇಹವಿಲ್ಲ. ನಿಯಮವನ್ನೂ ಸರಿಯಾಗಿಯೇ ಅನ್ವಯಿಸಲಾಯಿತು. ಹಾಗಾದರೆ ಜಗತ್ತಿನಾದ್ಯಂತ ಆಕ್ಷೇಪ ಎದ್ದುದೇಕೆ? ಬೌಂಡರಿ ಹೊಡೆಯುವುದನ್ನು ಓಡಿ ರನ್ ಗಳಿಸುವುದಕ್ಕಿಂತ ಮೇಲೆಂದು ಎಣಿಸಲು ಕಾರಣವೇನು ಎಂಬುದಕ್ಕೆ ಸಮಾಧಾನಕರ ಉತ್ತರ ಇರಲಿಲ್ಲವಾದುದರಿಂದ. ‘ನಿಯಮ ಹಾಗಿದೆ’ ಎಂಬುದು ಎರಡನೆಯ ಪ್ರಶ್ನೆಗೆ ಉತ್ತರ, ಮೂರನೆಯದಕ್ಕೆ ಅಲ್ಲ. ಆ ವರ್ಷದ ಅಕ್ಟೋಬರಿನಲ್ಲಿ ಐಸಿಸಿ ಈ ಪದ್ಧತಿಯನ್ನು ಕೈಬಿಟ್ಟು, ಸೆಮಿಫೈನಲ್ ಮತ್ತು ಫೈನಲ್‌ಗಳಲ್ಲಿ ಒಂದು ತಂಡ ಹೆಚ್ಚು ರನ್ ಗಳಿಸುವವರೆಗೆ ಸೂಪರ್ ಓವರ್ ಮುಂದುವರಿಯಬೇಕೆಂದು ವಿಧಿಸಿತು. ಹಳೆಯ ಫಲಿತಾಂಶ ಬದಲಾಗಲಿಲ್ಲ, ನಿಯಮ ಬದಲಾಯಿತು. ನ್ಯಾಯದ ಪ್ರಶ್ನೆಯನ್ನು ಸರಿಯಾಗಿ ಕೇಳಿದರೆ ಆಗಬಹುದಾದುದು ಇದೇ.

ನ್ಯಾಯದ ವಾದ ಕೆಲವೊಮ್ಮೆ ಒಂದು ಹೆಸರಿನಲ್ಲಿಯೇ ಅಡಗಿರುತ್ತದೆ. ಬೌಲರ್ ಚೆಂಡು ಎಸೆಯುವ ಮೊದಲೇ ಗೆರೆ ಬಿಟ್ಟು ಮುಂದೆ ಹೋದ ನಾನ್ ಸ್ಟ್ರೈಕರನ್ನು ರನೌಟ್ ಮಾಡುವುದು ನಿಯಮಬದ್ಧ. 1947ರ ಡಿಸೆಂಬರಿನಲ್ಲಿ ಸಿಡ್ನಿ ಟೆಸ್ಟ್‌ನಲ್ಲಿ ವಿನೂ ಮಂಕಡ್ ಆಸ್ಟ್ರೇಲಿಯಾದ ಬಿಲ್ ಬ್ರೌನ್ ಅವರನ್ನು ಹೀಗೆ ಔಟ್ ಮಾಡಿದರು. ಆ ತಂಡದ ನಾಯಕ ಬ್ರಾಡ್ಮನ್ನರೇ ಮಂಕಡ್ ಅವರನ್ನು ಸಮರ್ಥಿಸಿದರು. ಆದರೂ ಆ ಕ್ರಿಯೆಗೆ ‘ಮಂಕಡಿಂಗ್’ ಎಂಬ ಹೆಸರು ಅಂಟಿತು. ಗೆರೆ ಬಿಟ್ಟವರು ಬ್ರೌನ್. ಹೆಸರು ಕೆಟ್ಟುದು ಮಂಕಡ್ ಅವರದು. 2019ರಲ್ಲಿ ಅಶ್ವಿನ್ ಬಟ್ಲರ್ ಅವರನ್ನೂ, 2022ರ ಸೆಪ್ಟೆಂಬರ್ 24ರಂದು ಲಾರ್ಡ್ಸ್‌ನಲ್ಲಿ ದೀಪ್ತಿ ಶರ್ಮಾ ಚಾರ್ಲಿ ಡೀನ್ ಅವರನ್ನೂ ಹೀಗೆಯೇ ಔಟ್ ಮಾಡಿದಾಗ ಹಳೆಯ ಹೆಸರು ಮತ್ತೆ ನಾಲಗೆಗೆ ಬಂದಿತು. ‘ಮಂಕಡಿಂಗ್ ತಪ್ಪು’ ಎನ್ನುವವನು ತೀರ್ಪನ್ನು ಹೆಸರಿನೊಳಗೇ ಕಟ್ಟಿ ತಂದಿರುತ್ತಾನೆ. ‘ನಾನ್ ಸ್ಟ್ರೈಕರ್ ರನೌಟ್ ತಪ್ಪೇ?’ ಎಂದು ಕೇಳುವವನು ವಾದಕ್ಕೆ ಬಾಗಿಲು ತೆರೆದಿರುತ್ತಾನೆ. 2022ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ಎಂಸಿಸಿ ನಿಯಮಾವಳಿಯಲ್ಲಿ ಈ ವಿಷಯ ‘ಅನುಚಿತ ಆಟ’ದ ಅಧ್ಯಾಯದಿಂದ ‘ರನೌಟ್’ ಅಧ್ಯಾಯಕ್ಕೆ ಸ್ಥಳಾಂತರಗೊಂಡಿತು. ಅಧ್ಯಾಯದ ಶೀರ್ಷಿಕೆಯೂ ಒಂದು ವಾದ ಎಂಬುದನ್ನು ಗಮನಿಸಿರಿ.

೪. ನಮ್ಮವರು ಯಾರು?

ಕೊನೆಯ ಪ್ರಶ್ನೆ ಅಭಿಮಾನಕ್ಕೆ ಸಂಬಂಧಿಸಿದುದು. ಗಡಿನಾಡಿನಲ್ಲಿ ಇದು ಸುಲಭದ ಪ್ರಶ್ನೆಯಲ್ಲ. 2015ರ ಆಗಸ್ಟ್ 23ರಂದು ಮುಂಬಯಿಯಲ್ಲಿ ನಡೆದ ಪ್ರೊ ಕಬಡ್ಡಿ ಫೈನಲ್‌ನಲ್ಲಿ ಯು ಮುಂಬಾ ತಂಡ ಬೆಂಗಳೂರು ಬುಲ್ಸ್ ತಂಡವನ್ನು 36–30ರಿಂದ ಸೋಲಿಸಿತು. ಹೊರನೋಟಕ್ಕೆ ಮಹಾರಾಷ್ಟ್ರ ಒಂದು ಕಡೆ, ಕರ್ನಾಟಕ ಇನ್ನೊಂದು ಕಡೆ. ಆದರೆ ಅಲ್ಲಿನ ನಾಯಕ ಅನೂಪ್ ಕುಮಾರ್, ಇಲ್ಲಿನ ನಾಯಕ ಮಂಜೀತ್ ಛಿಲ್ಲರ್. ಇಬ್ಬರೂ ಉತ್ತರ ಭಾರತದವರು. ವೃತ್ತಿಪರ ಕ್ರೀಡೆಯಲ್ಲಿ ತಂಡದ ಹೆಸರು ಊರಿನದು, ಆಟಗಾರರು ಹರಾಜಿನಲ್ಲಿ ಬಂದವರು. ಆ ಸೋಲು-ಗೆಲುವುಗಳನ್ನು ಎರಡು ಭಾಷೆಗಳ ಸೋಲು-ಗೆಲುವುಗಳೆಂದು ಬಗೆದು ನೆರೆಯವನೊಡನೆ ಮಾತು ಬಿಡುವುದರಲ್ಲಿ ಅರ್ಥವಿಲ್ಲ.

‘ಈ ಸಲ ಕಪ್ ನಮ್ದೇ’ ಎಂಬ ಘೋಷಣೆಯನ್ನು ತೆಗೆದುಕೊಳ್ಳಿರಿ. ಕನ್ನಡ ಬಾರದವರ ಬಾಯಲ್ಲಿಯೂ ಉಳಿದ ಕನ್ನಡ ವಾಕ್ಯವಿದು. ಇದರ ಬಲವೆಲ್ಲ ಕೊನೆಯ ‘ಏ’ ಎಂಬ ಅವಧಾರಣೆಯಲ್ಲಿದೆ. ಅದು ಸಾಕ್ಷಿ ಕೊಡುವುದಿಲ್ಲ, ಸಂಕಲ್ಪವನ್ನು ಸಾರುತ್ತದೆ; ಆದುದರಿಂದಲೇ ವರ್ಷ ವರ್ಷ ಕಪ್ ಬಾರದಿದ್ದರೂ ಅದು ಸುಳ್ಳೆನಿಸಲಿಲ್ಲ. ಕೊನೆಗೆ ಬೆಂಗಳೂರಿಗೆ ಮೊದಲ ಕಪ್ ತಂದವರು ಮಹಿಳೆಯರು. 2024ರ ಮಾರ್ಚ್ 17ರಂದು ಆ ಕಪ್ ಎತ್ತಿದ ನಾಯಕಿ ಸ್ಮೃತಿ ಮಂಧಾನಾ ಬೆಳೆದುದು ಸಾಂಗ್ಲಿಯಲ್ಲಿ. ನಮ್ಮ ಜತ್ತ ತಾಲೂಕು ಇರುವುದೂ ಅದೇ ಜಿಲ್ಲೆಯಲ್ಲಿ. 2025ರ ಜೂನ್ 3ರಂದು ಪುರುಷರ ತಂಡ ಪಂಜಾಬ್ ಕಿಂಗ್ಸ್ ವಿರುದ್ಧ 6 ರನ್ನುಗಳಿಂದ ಗೆದ್ದಾಗ ನಾಯಕನಾಗಿದ್ದವರು ಇಂದೋರಿನ ರಜತ್ ಪಾಟೀದಾರ್. ‘ನಮ್ದೇ’ ಎಂಬ ಮಾತಿನ ಅಂಗಳ ನಾವು ಎಣಿಸಿದುದಕ್ಕಿಂತ ವಿಶಾಲವಾಗಿದೆ.

ಆ ಗೆಲುವಿನ ಮರುದಿನವೇ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗಿನ ನೂಕುನುಗ್ಗಲಿನಲ್ಲಿ 11 ಮಂದಿ ಪ್ರಾಣ ಕಳೆದುಕೊಂಡರು. ಆಗ ಕೇಳಬೇಕಾಗಿದ್ದುದು ಏನಾಯಿತು, ಯಾವ ನಿಯಮ ಪಾಲನೆಯಾಗಲಿಲ್ಲ, ಸತ್ತವರಿಗೆ ನ್ಯಾಯ ಹೇಗೆ ಎಂಬ ಮೊದಲ ಮೂರು ಪ್ರಶ್ನೆಗಳನ್ನು. ಆದರೆ ಹಲವರ ಮಾತಿನಲ್ಲಿ ಅವುಗಳ ಜಾಗದಲ್ಲಿ ನಾಲ್ಕನೆಯದು ಬಂದು ಕುಳಿತಿತು: ನೀನು ತಂಡದ ಕಡೆಯವನೋ ಅಲ್ಲವೋ? ಅಭಿಮಾನ ಪಂದ್ಯ ನೋಡುವಾಗ ಇರಲಿ, ಸಾವಿನ ಲೆಕ್ಕ ಕೇಳುವಾಗ ಅದನ್ನು ಪಕ್ಕಕ್ಕಿರಿಸಬೇಕು. ಪ್ರಶ್ನೆಗಳನ್ನು ಬೇರ್ಪಡಿಸುವ ಅಭ್ಯಾಸ ಕೇವಲ ಪರೀಕ್ಷೆಯ ಅಂಕಗಳಿಗಾಗಿ ಅಲ್ಲವೆಂಬುದು ಇಂಥ ಹೊತ್ತಿನಲ್ಲಿ ತಿಳಿಯುತ್ತದೆ.

ಪದಗಳ ಬಗ್ಗೆ ಒಂದು ಮಾತು

ಮರಾಠಿ ಪತ್ರಿಕೆಗಳು ಷಟಕ, ಚೌಕಾರ, ಯಷ್ಟಿರಕ್ಷಕ ಎಂದು ಬರೆಯುತ್ತವೆ. ಕನ್ನಡ ಪತ್ರಿಕೆಗಳು ಓವರ್, ಬೌಂಡರಿ, ವಿಕೆಟ್‌ಕೀಪರ್ ಎಂದೇ ಬರೆಯುತ್ತವೆ. ಆದುದರಿಂದ ಕ್ರೀಡೆಯ ಮಾತಿಗೆ ಕನ್ನಡ ಸಾಲದು ಎಂದು ಕೆಲವರು ಭಾವಿಸುತ್ತಾರೆ. ಇದು ಸರಿಯಲ್ಲ. ನಾಮಪದಗಳು ಎರವಲು ಬಂದರೆ ವಾದಕ್ಕೆ ತೊಂದರೆಯಿಲ್ಲ. ವಾದ ನಡೆಯುವುದು ಆದುದರಿಂದ, ಆದರೂ, ಹಾಗಿದ್ದರೆ, ಒಂದು ವೇಳೆ, ಇಲ್ಲದಿದ್ದರೆ ಎಂಬ ಜೋಡಿಸುವ ಪದಗಳಲ್ಲಿ. ಅಂತೆ, ಬೇಕು, ಬಹುದು ಎಂಬ ಕ್ರಿಯಾರೂಪಗಳಲ್ಲಿ. ಏ, ಊ, ಓ ಎಂಬ ಪುಟ್ಟ ಪ್ರತ್ಯಯಗಳಲ್ಲಿ. ಇವು ಕನ್ನಡದ್ದಾಗಿರುವವರೆಗೆ ‘ಅಂಪೈರ್’ ಎಂದು ಹೇಳಿದರೂ ನೀವು ಆಡುವುದು ಕನ್ನಡದ ವಾದವೇ.

ಅಭ್ಯಾಸ

1. ನೀವು ಇತ್ತೀಚೆಗೆ ನೋಡಿದ ಒಂದು ಪಂದ್ಯದ ವಿವಾದಿತ ತೀರ್ಪನ್ನು ಆಯ್ದುಕೊಂಡು, ಮೇಲಿನ ನಾಲ್ಕು ಪ್ರಶ್ನೆಗಳಿಗೆ ಪ್ರತ್ಯೇಕವಾಗಿ ಎರಡೆರಡು ವಾಕ್ಯಗಳಲ್ಲಿ ಉತ್ತರಿಸಿರಿ.
2. ಅದೇ ತೀರ್ಪನ್ನು ಕಂಡವನ, ಕೇಳಿದವನ ಮತ್ತು ಊಹಿಸಿದವನ ಮಾತಿನಲ್ಲಿ ಬರೆದು, ಕ್ರಿಯಾಪದಗಳ ವ್ಯತ್ಯಾಸವನ್ನು ಗುರುತಿಸಿರಿ.
3. ಮೂರೂ ವಾಕ್ಯಗಳನ್ನು ಮರಾಠಿಯಲ್ಲಿ ಬರೆದು, ಎರಡು ಭಾಷೆಗಳಲ್ಲಿ ಯಾವುದು ಸಮಾನ, ಯಾವುದು ಭಿನ್ನ ಎಂಬುದನ್ನು ಪಟ್ಟಿ ಮಾಡಿರಿ.
4. ನಿಮ್ಮ ಎದುರಾಳಿಯ ಅತ್ಯಂತ ಬಲವಾದ ವಾದವನ್ನು ಅವನೇ ಒಪ್ಪುವಂತೆ ಬರೆಯಿರಿ. ಅನಂತರ ಅದಕ್ಕೆ ಉತ್ತರ ಕೊಡಿರಿ.

ನಾಲ್ಕನೆಯ ಅಭ್ಯಾಸ ಎಲ್ಲಕ್ಕಿಂತ ಕಠಿಣ. ಅದನ್ನು ಮೊದಲು ಬಾಯಿಮಾತಿನಲ್ಲಿ, ಗೆಳೆಯನೊಬ್ಬನ ಎದುರು ಕುಳಿತು, ಕನ್ನಡದಲ್ಲಿ ಮಾಡಿರಿ, ಬರೆಯುವುದು ಆಮೇಲೆ.