ಇಪ್ಪತ್ತು ನಿಮಿಷದ ಜಾನಪದ

ವಿಶ್ವವಿದ್ಯಾಲಯದ ಜಾನಪದ ಉತ್ಸವಗಳ ಹೊಣೆ ಹೊತ್ತು ದಣಿದವನ ಮಾತಿದು. ಮುಂದೆ ಈ ಹೊಣೆ ಹೊರುವವರಿಗೆ ಉಪಯೋಗಕ್ಕೆ ಬಂದರೆ ಬರಲಿ. ವಿಚಾರ ಸಂಕಿರಣಕ್ಕೆ ಒಂದು ಕಡತ, ಸಾಂಸ್ಕೃತಿಕ ಕಾರ್ಯಕ್ರಮಕ್ಕೆ ಇನ್ನೊಂದು ಕಡತ ತೆರೆದ ದಿನವೇ ಎರಡೂ ಕೆಡುತ್ತವೆ. ಬೆಳಿಗ್ಗೆ ಮಂಟೇಸ್ವಾಮಿ ಪರಂಪರೆಯ ಮೇಲೆ ಪ್ರಬಂಧ ಮಂಡನೆ. ಸಂಜೆ ಅದೇ ಪರಂಪರೆಯ ನೀಲಗಾರರ ಹಾಡು. ಅಷ್ಟು ಹೊತ್ತಿಗೆ ಪ್ರಬಂಧ ಓದಿದವರು ಪ್ರಮಾಣಪತ್ರ ಪಡೆದು ಬಸ್ಸು ಹತ್ತಿರುತ್ತಾರೆ. ಹಾಡುವವರನ್ನು ಬೆಳಗಿನ ಗೋಷ್ಠಿಗೆ ಯಾರೂ ಕರೆದೇ ಇರುವುದಿಲ್ಲ. ಉತ್ಸವವೂ ಸಂಶೋಧನೆಯೇ ಎಂದು ಒಪ್ಪಿ ಅದಕ್ಕೆ ತಕ್ಕ ಶಿಸ್ತಿನಿಂದ ನಡೆಸದಿದ್ದರೆ, ಮಾನವಿಕ ವಿಭಾಗಗಳು ಇಂಥ ಉತ್ಸವ ಮಾಡದಿರುವುದೇ ಮೇಲು ಎಂಬುದು ನನ್ನ ವಾದ.

ಇದಕ್ಕೆ ಪುರಾವೆ ನಮ್ಮ ನಾಡಿನಲ್ಲೇ ಇದೆ. 1990ರ ಡಿಸೆಂಬರಿನಲ್ಲಿ ಫಿನ್ಲೆಂಡಿನ ಲೌರಿ ಹೊಂಕೊ ಅವರು ಮಂಗಳೂರು ವಿಶ್ವವಿದ್ಯಾಲಯದ ಬಿ.ಎ. ವಿವೇಕ ರೈ ಮತ್ತು ಕೆ. ಚಿನ್ನಪ್ಪ ಗೌಡರ ಜೊತೆಗೂಡಿ, ಉಜಿರೆ ಬಳಿಯ ಮಾಚಾರಿನ ಗೋಪಾಲ ನಾಯ್ಕರು ಹಾಡಿದ ತುಳು ಸಿರಿ ಕಾವ್ಯವನ್ನು ದಾಖಲಿಸಿದರು. ಬರಹಕ್ಕಿಳಿಸಿದಾಗ ಅದು 15,683 ಸಾಲಾಯಿತು. ಗದ್ದೆ ಕೆಲಸದ ನಡುವೆ ಹಾಡುವುದು, ಸಿರಿ ಜಾತ್ರೆಯಲ್ಲಿ ಕುಮಾರನ ಪಾತ್ರಧಾರಿಯಾಗಿ ಹಾಡುವುದು, ಕೂತು ಕೇಳುವ ಸಂಶೋಧಕರಿಗಾಗಿ ಹಾಡುವುದು, ಈ ಮೂರೂ ಸಂದರ್ಭಗಳು ಬೇರೆ. ಹಾಡಿನ ಉದ್ದ, ನಡೆ, ವಿವರ ಎಲ್ಲವೂ ಅದಕ್ಕೆ ತಕ್ಕಂತೆ ಬದಲಾಗುತ್ತವೆ. ಆ ತಂಡ ಈ ವ್ಯತ್ಯಾಸವನ್ನೇ ಅಧ್ಯಯನದ ವಸ್ತುವಾಗಿ ಎತ್ತಿಕೊಂಡಿತು. 1998ರಲ್ಲಿ ಪ್ರಕಟವಾದ ಆ ಕಾವ್ಯದ ಶೀರ್ಷಿಕೆಯಲ್ಲೇ ಹಾಡಿದವರ ಹೆಸರಿದೆ. ಹೀಗಿರುವಾಗ ನಮ್ಮ ವೇದಿಕೆಯ ಇಪ್ಪತ್ತು ನಿಮಿಷದ ಹಾಡನ್ನು ಇಡೀ ಕಾವ್ಯದ ತುಣುಕೆಂದು ಭಾವಿಸುವುದೇ ತಪ್ಪು. ಅದು ವೇದಿಕೆಗೆಂದೇ ಹುಟ್ಟಿದ ಬೇರೊಂದು ಪಠ್ಯ. ಗಾಯಕ ಯಾವುದನ್ನು ಬಿಟ್ಟ, ಏಕೆ ಬಿಟ್ಟ ಎಂದು ಕೇಳುವವರಿಲ್ಲದಿದ್ದರೆ ಅದು ಬರೀ ಮನರಂಜನೆ.

ಕೇಳುವವರು ಇರುವುದಿಲ್ಲ. ಅತಿಥಿಗಳು ತಡವಾಗಿ ಬರುತ್ತಾರೆ, ಹಾರ ತುರಾಯಿ, ಸ್ವಾಗತ, ಪ್ರಾಸ್ತಾವಿಕ ನುಡಿಗಳೆಲ್ಲ ಉದ್ದವಾಗುತ್ತವೆ, ಕಳೆದುಹೋದ ಹೊತ್ತನ್ನು ಸರಿದೂಗಿಸಲು ಕತ್ತರಿ ಬೀಳುವುದು ಹಾಡಿಗೆ ಮಾತ್ರ. ತಂಬೂರಿ ಶ್ರುತಿಗೆ ಬಂದು, ಗಗ್ಗರದ ಲಯ ಕೂಡಿ, ಕಥೆಯ ಬಾಗಿಲು ತೆರೆಯುವ ಹೊತ್ತಿಗೆ ನಿರೂಪಕರು ಚೀಟಿ ಕಳಿಸುತ್ತಾರೆ. ಚೀಟಿಗೂ ನಿಲ್ಲದಿದ್ದರೆ ಮೈಕು ನಿಲ್ಲುತ್ತದೆ. ದೀಕ್ಷೆ ಪಡೆದು ಹಾಡುವ ನೀಲಗಾರನಿಗೆ ಇದು ಎಂಥ ಅವಮಾನವೆಂದು ಬಿಡಿಸಿ ಹೇಳಬೇಕಿಲ್ಲ. ಇದಕ್ಕಿಂತ ದೊಡ್ಡ ಅವಮಾನ ಹಣಕಾಸು ವಿಭಾಗದಲ್ಲಿ ಕಾದಿರುತ್ತದೆ. ಶಾಮಿಯಾನಕ್ಕೆ ಕೇಳುವಂತೆ ಹಾಡುಗಾರರ ಮೇಳಕ್ಕೂ ಮೂರು ದರಪಟ್ಟಿ ಕೇಳುವ, ಪ್ಯಾನ್ ಕಾರ್ಡಿನ ಪ್ರತಿ ಇಲ್ಲವೆಂದು ಸಂಭಾವನೆಯ ಬಿಲ್ಲನ್ನು ತಿಂಗಳುಗಟ್ಟಲೆ ತಡೆಹಿಡಿಯುವ ಅಧಿಕಾರಿಯ ಮೇಲೆ ನನ್ನ ಸಿಟ್ಟು ಇನ್ನೂ ಆರಿಲ್ಲ. ಆಡಿಟ್ ಆಕ್ಷೇಪಣೆ ಬರುತ್ತದೆ ಎಂಬುದು ಅವರ ಸಮರ್ಥನೆ. ಸಾರ್ವಜನಿಕ ಹಣಕ್ಕೆ ಲೆಕ್ಕ ಬೇಕು, ನಿಜ. ಆದರೆ ಮುಖ್ಯ ಅತಿಥಿಯ ಪ್ರಯಾಣಭತ್ಯೆ ಅದೇ ಸಂಜೆ ಲಕೋಟೆಯಲ್ಲಿ ಸಂದಾಯವಾಗುವಾಗ ಈ ನಿಯಮಗಳು ಎಲ್ಲಿ ಹೋಗಿರುತ್ತವೆ?

ವಿದ್ಯಾರ್ಥಿಗಳು ರಾತ್ರಿಯಿಡೀ ಕೂರುವುದಿಲ್ಲ, ಚಿಕ್ಕದು ಮಾಡದೆ ಬೇರೆ ದಾರಿಯಿಲ್ಲ ಎನ್ನುವವರಿದ್ದಾರೆ. ಚಿಕ್ಕದು ಮಾಡುವುದಕ್ಕೆ ನನ್ನ ತಕರಾರಿಲ್ಲ. ಕರಾವಳಿಯ ಯಕ್ಷಗಾನ ಮೇಳಗಳು ಕಾಲಮಿತಿ ಪ್ರದರ್ಶನವನ್ನು ಒಪ್ಪಿಕೊಂಡಿವೆ. ಅಲ್ಲಿ ಪ್ರಸಂಗದ ಯಾವ ಪದ್ಯ ಉಳಿಯಬೇಕು, ಯಾವುದು ಹೋಗಬೇಕು ಎಂಬುದು ಭಾಗವತರಿಗೂ ಮೇಳಕ್ಕೂ ಸೇರಿದ ತೀರ್ಮಾನ, ನಿರೂಪಕರ ಗಡಿಯಾರದ್ದಲ್ಲ. ವಿಶ್ವವಿದ್ಯಾಲಯದ ವೇದಿಕೆ ಸಿಕ್ಕಿದ್ದೇ ಕಲಾವಿದರಿಗೆ ಮನ್ನಣೆ ಎಂಬ ಇನ್ನೊಂದು ವಾದವಿದೆ. ಅದರಲ್ಲೂ ಸತ್ಯಾಂಶವುಂಟು: ಪ್ರಶಸ್ತಿಗೋ ಮಾಸಾಶನಕ್ಕೋ ಅರ್ಜಿ ಹಾಕುವ ಹಿರಿಯ ಕಲಾವಿದರಿಗೆ ಆಮಂತ್ರಣ ಪತ್ರಿಕೆಯೂ ಒಂದು ದಾಖಲೆ. ಆ ಪತ್ರಿಕೆಯಲ್ಲಿ ಸಿಂಡಿಕೇಟ್ ಸದಸ್ಯರ ಹೆಸರೆಲ್ಲ ಇದ್ದು, ಹಾಡುವವರು ಮಾತ್ರ ಮೇಳದ ಮುಖ್ಯಸ್ಥ ‘ಮತ್ತು ತಂಡ’ ಎಂದಾಗಿದ್ದರೆ, ಉಳಿದವರಿಗೆ ಸಿಕ್ಕ ಮನ್ನಣೆ ಯಾವುದು?

ಆದ್ದರಿಂದ ಹೊಸಬರಿಗೆ ನನ್ನ ಸಲಹೆಗಳು ಇಷ್ಟೇ. ಕಲಾವಿದರನ್ನು ಬೆಳಗಿನ ಗೋಷ್ಠಿಯಲ್ಲೇ ಹಾಡಿಸಿ, ಅಲ್ಲೇ ಅವರೊಂದಿಗೆ ಚರ್ಚೆ ಇಡಿ. ಎಷ್ಟು ಹೊತ್ತು, ಯಾವ ಭಾಗ ಎಂಬುದನ್ನು ಅವರೇ ಗೊತ್ತುಮಾಡಲಿ. ಒಪ್ಪಿಗೆ ಪಡೆದು ಧ್ವನಿಮುದ್ರಿಸಿ, ಒಂದು ಪ್ರತಿ ಅವರಿಗೂ ಕೊಡಿ. ಎಲ್ಲರ ಹೆಸರು ಅಚ್ಚುಹಾಕಿಸಿ, ಸಂಭಾವನೆಯ ಮಂಜೂರಾತಿಯನ್ನು ಉತ್ಸವಕ್ಕೆ ಮೊದಲೇ ಪಡೆಯಿರಿ. ಇಷ್ಟನ್ನೂ ಮಾಡಲಾಗದ ವಿಭಾಗ ಮಾರ್ಚ್ 31ರೊಳಗೆ ಅನುದಾನ ಖರ್ಚು ಮಾಡಲೆಂದು ಉತ್ಸವ ಹೂಡುವ ಬದಲು ಹಣವನ್ನು ವಾಪಸು ಕಳಿಸಲಿ. ವಾಪಸು ಹೋದ ಅನುದಾನಕ್ಕೆ ವಿವರಣೆ ಕೊಡಬೇಕಾಗುತ್ತದೆ. ಕನಿಷ್ಠ ಆ ಕಾಗದದಲ್ಲಾದರೂ ವಿಭಾಗ ನಿಜ ಬರೆಯಬಹುದು.