ಮಾರ್ಚ್ ತಿಂಗಳ ಸಂತೆ

ಅಮೆರಿಕದವರು ಫುಟ್‌ಬಾಲ್ ಅಂತ ಕರೆಯುವ ಆಟವನ್ನು ಹೆಚ್ಚಾಗಿ ಕೈಯಲ್ಲೇ ಆಡುತ್ತಾರೆ. ಮೊಟ್ಟೆಯಾಕಾರದ ಚೆಂಡು, ತಲೆಗೆ ಹೆಲ್ಮೆಟ್, ಎದುರಾಳಿಯನ್ನು ಕೆಡವಲು ಪೂರ್ತಿ ಅನುಮತಿ. ಅದರ ದೊಡ್ಡ ಲೀಗು ಎನ್‌ಎಫ್‌ಎಲ್. ಅಲ್ಲಿರುವ 32 ತಂಡಗಳ ಪೈಕಿ ಒಂದರ ಕಚೇರಿಯಲ್ಲಿ ನಾನು ಒಂಬತ್ತು ವರ್ಷ ಆಟಗಾರರ ಕರಾರುಗಳ ಲೆಕ್ಕ ಬರೆದೆ. ಯಾವ ತಂಡ ಅಂತ ಹೇಳುವ ಹಾಗಿಲ್ಲ, ಕೆಲಸ ಬಿಡುವಾಗ ಹಾಗಂತ ಸಹಿ ಮಾಡಿ ಬಂದಿದ್ದೇನೆ. ತಿಪಟೂರಿನ ಕೊಬ್ಬರಿ ವ್ಯಾಪಾರಿಯ ಮಗ ಆ ಕಚೇರಿಗೆ ಹೋಗಿ ಸೇರಿದ್ದು ಬೇರೆಯೇ ಕಥೆ.

ನನಗೆ ಅಲ್ಲಿ ನಿದ್ದೆಗೆಡಿಸುತ್ತಿದ್ದದ್ದು ಪಂದ್ಯಗಳಲ್ಲ, ಮಾರ್ಚ್ ತಿಂಗಳು. ಕರಾರು ಮುಗಿದ ಆಟಗಾರ ಆಗ ಸ್ವತಂತ್ರ. ಯಾವ ತಂಡ ಬೇಕಾದರೂ ಅವನನ್ನು ಕರೆದುಕೊಳ್ಳಬಹುದು. ಅದಕ್ಕೆ ಫ್ರೀ ಏಜೆನ್ಸಿ ಅನ್ನುತ್ತಾರೆ. ಇದು ಮೊದಲಿನಿಂದ ಇದ್ದದ್ದಲ್ಲ. ಕರಾರು ಮುಗಿದರೂ ಹಳೆಯ ತಂಡದ ಹಿಡಿತ ಬಿಡುತ್ತಿರಲಿಲ್ಲ. ಆಟಗಾರರು ಕೋರ್ಟಿಗೆ ಹೋಗಿ, ಫ್ರೀಮನ್ ಮೆಕ್‌ನೀಲ್ ಮೊಕದ್ದಮೆ 1992ರಲ್ಲಿ ಗೆದ್ದ ಮೇಲೆ, 1993ರಿಂದ ಬಾಗಿಲು ತೆರೆಯಿತು. ತಂಡದಲ್ಲಿ ಇರುವುದು 53 ಜಾಗ. ಪ್ರತಿ ವರ್ಷ ಅದರಲ್ಲಿ ಹತ್ತು ಹದಿನೈದು ಖಾಲಿಯಾಗುತ್ತವೆ. ಅವನ್ನು ತುಂಬುತ್ತಾ ಕಲಿತದ್ದು ಇಲ್ಲಿದೆ. ಕೆಲವನ್ನು ದುಡ್ಡು ಕಳೆದುಕೊಂಡೇ ಕಲಿತೆ, ದುಡ್ಡು ನನ್ನದಲ್ಲ ಅನ್ನುವುದೊಂದು ಸಮಾಧಾನ.

1. ಸೋರುವ ಹೆಂಚು ಒಂದು ಕಡೆ, ಒದ್ದೆಯಾಗುವ ಗೋಡೆ ಇನ್ನೊಂದು ಕಡೆ.

ಹೆಂಚಿನ ಮನೆಯಲ್ಲಿ ಬೆಳೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ನಾನೇ ಅಂಥ ಮನೆಯವನಾಗಿದ್ದೂ ಮರೆತೆ. ಒಂದು ವರ್ಷ ನಮ್ಮ ಕ್ವಾರ್ಟರ್‌ಬ್ಯಾಕ್ ವಾರವಾರವೂ ಏಟು ತಿನ್ನುತ್ತಿದ್ದ. ಚೆಂಡೆಸೆಯುವ ಈ ಮನುಷ್ಯನ ಮುಂದೆ ಐವರು ಗೋಡೆಯಾಗಿ ನಿಲ್ಲುತ್ತಾರೆ. ಎದುರಾಳಿಗಳು ನುಗ್ಗುತ್ತಿದ್ದದ್ದು ಅವರಲ್ಲೊಬ್ಬನಾದ ಎಡ ಗಾರ್ಡ್ ನಿಂತ ಜಾಗದಿಂದ. ವಿಡಿಯೋ ನೋಡಿದವರೆಲ್ಲ ಅಲ್ಲೇ ಬೆರಳು ತೋರಿಸಿದರು. ಮಾರ್ಚ್‌ನಲ್ಲಿ ಮಾರುಕಟ್ಟೆಯ ಅತಿ ದುಬಾರಿ ಗಾರ್ಡ್‌ಗಳಲ್ಲಿ ಒಬ್ಬನನ್ನು ತಂದೆವು. ಮುಂದಿನ ವರ್ಷವೂ ಅಷ್ಟೇ ಏಟು ಬಿತ್ತು, ಅದೇ ಜಾಗದಿಂದ.

ತಪ್ಪು ಗಾರ್ಡ್‌ನದ್ದಾಗಿರಲಿಲ್ಲ. ಪಕ್ಕದಲ್ಲಿ ನಿಲ್ಲುವ ಸೆಂಟರ್ ಹೊಸಬ. ಚೆಂಡು ಹಿಂದಕ್ಕೆ ಕೊಡುವ ಮೊದಲು ಎದುರಾಳಿಗಳ ನಿಲುವು ನೋಡಿ, ಯಾರು ಯಾರನ್ನು ತಡೆಯಬೇಕು ಅಂತ ಕೂಗಿ ಹೇಳುವುದು ಅವನ ಕೆಲಸ. ಇವನು ಒಂದು ಕ್ಷಣ ತಡವಾಗಿ ಕೂಗುತ್ತಿದ್ದ, ಅಷ್ಟರಲ್ಲಿ ಗಾರ್ಡ್ ತಪ್ಪು ಕಡೆ ತಿರುಗಿರುತ್ತಿದ್ದ. ನಮ್ಮ ಲೈನ್ ಕೋಚ್ ಇದನ್ನು ಫೆಬ್ರವರಿಯ ವರದಿಯಲ್ಲೇ ಬರೆದಿದ್ದರು, ಹದಿನಾಲ್ಕನೇ ಪುಟದಲ್ಲಿ, ಒಂದು ಸಾಲು. ಸಭೆಯಲ್ಲಿ ಯಾರೂ ಆ ಪುಟದವರೆಗೆ ಹೋಗಿರಲಿಲ್ಲ. ನಾನೂ ಹೋಗಿರಲಿಲ್ಲ. ನಮಗೆ ಬೇಕಾಗಿದ್ದದ್ದು ಗಟ್ಟಿ ಗಂಟಲಿನ, ವಯಸ್ಸಾದ ಒಬ್ಬ ಸೆಂಟರ್. ಗಾರ್ಡ್‌ಗೆ ಕೊಟ್ಟದ್ದರ ಮೂರನೇ ಒಂದು ಪಾಲಿಗೆ ಸಿಗುತ್ತಿದ್ದ.

ಅಂದಿನಿಂದ ಖಾಲಿ ಜಾಗಗಳ ಪಟ್ಟಿ ಮಾಡುವಾಗ ಆಟಗಾರನ ಸ್ಥಾನ ಬರೆಯುವುದನ್ನು ಬಿಟ್ಟು, ಆಗದೆ ಉಳಿದ ಕೆಲಸ ಯಾವುದು ಅಂತ ಬರೆಯಲು ಶುರು ಮಾಡಿದೆ. ‘ಎಡ ಗಾರ್ಡ್’ ಅಂತ ಬರೆಯುವುದು ಬೇರೆ, ‘ಒಳಗಿನಿಂದ ನುಗ್ಗುವವರನ್ನು ಯಾರೂ ಗುರುತಿಸುತ್ತಿಲ್ಲ’ ಅಂತ ಬರೆಯುವುದು ಬೇರೆ.

2. ಮೊದಲ ಎರಡು ದಿನ ಜೇಬು ಹೊಲಿದುಕೊಂಡಿರಿ.

ಲೀಗಿನ ಹೊಸ ವರ್ಷ ಹುಟ್ಟುವುದು ಮಾರ್ಚ್ ಮಧ್ಯದ ಒಂದು ಬುಧವಾರ, ನ್ಯೂಯಾರ್ಕ್ ಸಮಯ ಸಂಜೆ 4ಕ್ಕೆ. ಅದಕ್ಕೆ ಮುಂಚೆ, ಸೋಮವಾರ ಮಧ್ಯಾಹ್ನದಿಂದ, ಬೇರೆ ತಂಡದ ಆಟಗಾರರ ಏಜೆಂಟರ ಜೊತೆ ಮಾತಾಡಬಹುದು. ಆ 52 ಗಂಟೆಗಳಲ್ಲಿ ಆಗುವ ವ್ಯಾಪಾರ ನೋಡಿದರೆ ನಮ್ಮ ಎಪಿಎಂಸಿ ಹರಾಜುಕಟ್ಟೆಯೇ ಶಾಂತವಾದ ಜಾಗ ಅನ್ನಿಸುತ್ತದೆ. ಪಕ್ಕದವನು ಕೂಗಿದ ಅಂತ ನಾವೂ ಒಂದು ಮೇಲೆ ಕೂಗುವುದು, ಅಷ್ಟೇ.

2009ರಲ್ಲಿ ಸಂತೆ ತೆರೆದ ಮೊದಲ ದಿನವೇ ವಾಷಿಂಗ್ಟನ್ ತಂಡ ಆಲ್ಬರ್ಟ್ ಹೇನ್ಸ್‌ವರ್ತ್‌ಗೆ 7 ವರ್ಷಕ್ಕೆ 10 ಕೋಟಿ ಡಾಲರಿನ ಕರಾರು ಕೊಟ್ಟಿತು. ಅಲ್ಲಿ ಆಡಿದ್ದು ಎರಡೇ ವರ್ಷ, ಅದೂ ಕೋಚ್ ಜೊತೆ ಜಗಳವಾಡಿಕೊಂಡು. 2011ರಲ್ಲಿ ಫಿಲಡೆಲ್ಫಿಯಾ ಈಗಲ್ಸ್ ದೊಡ್ಡ ದೊಡ್ಡ ಹೆಸರುಗಳನ್ನೇ ಆರಿಸಿ ತಂದಿತು. ನಾಮ್ದಿ ಅಸೊಮುವಾ ಒಬ್ಬರಿಗೇ 5 ವರ್ಷಕ್ಕೆ 6 ಕೋಟಿ. ತಂಡಕ್ಕೆ ಬಂದಿದ್ದ ವಿನ್ಸ್ ಯಂಗ್ ‘ಕನಸಿನ ತಂಡ’ ಅಂತ ಬಾಯಿ ಬಿಟ್ಟು ಹೇಳಿದರು. ಆ ವರ್ಷ ಎಂಟು ಗೆಲುವು, ಎಂಟು ಸೋಲು.

ಹಾಗಂತ ಮೊದಲ ದಿನದ ಖರೀದಿಯೆಲ್ಲ ದಂಡ ಅಂದರೆ ನಾನು ಸುಳ್ಳುಗಾರನಾಗುತ್ತೇನೆ. ಅದೇ ಈಗಲ್ಸ್ 2024ರಲ್ಲಿ ಸಂತೆ ತೆರೆಯುತ್ತಿದ್ದಂತೆಯೇ ಸೇಕ್ವಾನ್ ಬಾರ್ಕ್ಲಿಯನ್ನು 3 ವರ್ಷಕ್ಕೆ ಸುಮಾರು 3.8 ಕೋಟಿಗೆ ಹಿಡಿಯಿತು. ಆತ ಆ ಋತುವಿನಲ್ಲಿ 2,005 ಗಜ ಓಡಿದ, ತಂಡ ಲೀಗಿನ ಫೈನಲ್ ಆದ ಸೂಪರ್ ಬೌಲ್ ಗೆದ್ದಿತು. ಆದರೆ ಆ ತಂಡದ ಮುಂದಿನ ಗೋಡೆ ಅದಾಗಲೇ ಗಟ್ಟಿಯಾಗಿತ್ತು. ಓಡುವವನೊಬ್ಬ ಮಾತ್ರ ಬೇಕಾಗಿದ್ದ.

3. ಬೋನಸ್ ಎಂಬುದು ಸಾಲ.

ಇದು ನನ್ನ ಮೇಜಿನ ವಿಷಯ, ಹಾಗಾಗಿ ಸ್ವಲ್ಪ ಉದ್ದವಾಗುತ್ತದೆ. 1994ರಲ್ಲಿ ಪ್ರತಿ ತಂಡದ ಸಂಬಳಕ್ಕೂ ಒಂದು ಮಿತಿ ಬಂತು, ಎಲ್ಲರಿಗೂ ಅಷ್ಟೇ. ಮೊದಲ ವರ್ಷ ಅದು 3.46 ಕೋಟಿ ಡಾಲರ್ ಇತ್ತು, 2025ರಲ್ಲಿ 27.92 ಕೋಟಿ. ಮಾಲೀಕ ಎಷ್ಟೇ ಶ್ರೀಮಂತನಾದರೂ ಆ ಗೆರೆ ದಾಟುವಂತಿಲ್ಲ.

ದಾಟದೆಯೇ ದಾಟುವ ಉಪಾಯ ಬೋನಸ್. ಸಹಿ ಹಾಕಿದ ದಿನ ಆಟಗಾರನಿಗೆ 2 ಕೋಟಿ ಕೊಟ್ಟರೆ, ಲೆಕ್ಕದ ಪುಸ್ತಕದಲ್ಲಿ ಅದನ್ನು ಐದು ವರ್ಷಕ್ಕೆ ಹಂಚಿ ವರ್ಷಕ್ಕೆ 40 ಲಕ್ಷ ಅಂತ ತೋರಿಸಬಹುದು. ಈ ವರ್ಷ ಜಾಗ ಸಿಕ್ಕಿತು, ಇನ್ನೊಬ್ಬನನ್ನೂ ತರಬಹುದು, ಎಲ್ಲರಿಗೂ ಖುಷಿ. ಎರಡು ವರ್ಷಕ್ಕೆ ಅವನನ್ನು ಬಿಟ್ಟರೆ? ಉಳಿದ 1 ಕೋಟಿ 20 ಲಕ್ಷ ಸಾಮಾನ್ಯವಾಗಿ ಒಂದೇ ಏಟಿಗೆ ಲೆಕ್ಕಕ್ಕೆ ಬಂದು ಕೂರುತ್ತದೆ. ಮನುಷ್ಯ ಹೋಗಿರುತ್ತಾನೆ, ಅವನ ಸಂಬಳ ಮಾತ್ರ ಮಿತಿಯೊಳಗೆ ಜಾಗ ಹಿಡಿದುಕೊಂಡಿರುತ್ತದೆ. ಅದಕ್ಕೆ ಕಚೇರಿಯಲ್ಲಿ ‘ಡೆಡ್ ಮನಿ’ ಅನ್ನುತ್ತಿದ್ದೆವು. ಡೆನ್ವರ್ ಬ್ರಾಂಕೋಸ್ 2024ರಲ್ಲಿ ರಸೆಲ್ ವಿಲ್ಸನ್ ಅವರನ್ನು ಬಿಟ್ಟಾಗ ಹೀಗೆ ಸತ್ತ ದುಡ್ಡು ಎರಡು ವರ್ಷಕ್ಕೆ ಸೇರಿ 8.5 ಕೋಟಿ ಡಾಲರ್ ಆಯಿತು. ವಿಲ್ಸನ್ ಅದೇ ವಸಂತದಲ್ಲಿ ಪಿಟ್ಸ್‌ಬರ್ಗ್‌ಗೆ 12 ಲಕ್ಷ ಚಿಲ್ಲರೆಗೆ ಆಡಲು ಹೋದರು.

ನಾನೂ ಹಂಚಿ ಬರೆದವನೇ. ಮಿತಿ ಪ್ರತಿ ವರ್ಷ ಏರುತ್ತಲೇ ಇತ್ತು, ನಾಳೆಯ ಮಿತಿ ಇಂದಿನ ಸಾಲ ತೀರಿಸುತ್ತದೆ ಅಂತ ನಂಬಿದ್ದೆವು. 2020ರಲ್ಲಿ ಕೋವಿಡ್ ಬಂತು, ಕ್ರೀಡಾಂಗಣಗಳು ಖಾಲಿ ಬಿದ್ದವು. 2021ರ ಮಿತಿ 19.82 ಕೋಟಿಯಿಂದ 18.25 ಕೋಟಿಗೆ ಇಳಿಯಿತು. ಹಂಚಿ ಬರೆದದ್ದೆಲ್ಲ ಆ ವರ್ಷವೇ ಬಾಗಿಲು ತಟ್ಟಿತು. ಖಾಲಿ ಜಾಗ ತುಂಬಬೇಕಾದ ಮಾರ್ಚ್‌ನಲ್ಲಿ ಇದ್ದ ಮೂವರು ಒಳ್ಳೆಯವರನ್ನೇ ಕಳಿಸಿದೆವು. ಅವರಲ್ಲೊಬ್ಬ ಲಾಕರ್ ಖಾಲಿ ಮಾಡಿ ಹೋಗುವಾಗ ನನ್ನ ಕೋಣೆಗೆ ಬಂದು ಕೈ ಕುಲುಕಿ, ‘ಲೆಕ್ಕದ ಸಾಹೇಬರು ಅಂದರೆ ನೀವೇನಾ?’ ಅಂತ ಕೇಳಿದ. ಹೌದು ಅಂದೆ. ಇನ್ನೇನೂ ಹೇಳಲು ತೋಚಲಿಲ್ಲ.

4. ಹೋದವನಿಗೂ ಬೆಲೆ ಸಿಗುತ್ತದೆ, ತಾಳ್ಮೆ ಇದ್ದರೆ.

ಸ್ವತಂತ್ರನಾದ ಆಟಗಾರ ನಿಮ್ಮನ್ನು ಬಿಟ್ಟು ದೊಡ್ಡ ಕರಾರಿಗೆ ಹೋದರೆ, ಮುಂದಿನ ವರ್ಷದ ಡ್ರಾಫ್ಟ್‌ನಲ್ಲಿ, ಅಂದರೆ ಕಾಲೇಜು ಹುಡುಗರನ್ನು ಆರಿಸುವಾಗ, ಲೀಗು ನಿಮಗೊಂದು ಹೆಚ್ಚುವರಿ ಆಯ್ಕೆ ಕೊಡಬಹುದು. ಆದರೆ ನೀವೂ ಅಂಥವನನ್ನೇ ಹೊರಗಿನಿಂದ ತಂದಿದ್ದರೆ ಅದು ವಜಾ ಆಗುತ್ತದೆ. ಹಳೆಯ ತಂಡವೇ ಕಿತ್ತುಹಾಕಿದವನನ್ನು ತಂದರೆ ಮಾತ್ರ ಲೆಕ್ಕಕ್ಕಿಲ್ಲ. ಬಾಲ್ಟಿಮೋರ್ ರೇವನ್ಸ್ ಈ ಜಾಣತನಕ್ಕೆ ಹೆಸರುವಾಸಿ. ಒಳ್ಳೆಯವರು ಹೋಗುವುದನ್ನು ನೋಡುತ್ತಾ ಸುಮ್ಮನಿದ್ದು, ಕಿತ್ತುಹಾಕಲ್ಪಟ್ಟವರಿಂದ ಜಾಗ ತುಂಬುತ್ತಾರೆ. ಕೋಚ್‌ಗಳಿಗೆ ಇದು ಹಿಡಿಸುವುದಿಲ್ಲ. ಅವರ ಕೆಲಸ ಉಳಿಯುವುದು ಈ ಸೆಪ್ಟೆಂಬರಿನ ಗೆಲುವಿನಿಂದ, ಮುಂದಿನ ಏಪ್ರಿಲಿನ ಹುಡುಗನಿಂದಲ್ಲ.

5. ಬೆಂಚಿನ ಮೇಲಿನವನನ್ನು ಅಲ್ಲಾಡಿಸಿ ನೋಡಿ.

ಅಟ್ಟದ ಮೇಲೆ ತಿಂಗಳುಗಟ್ಟಲೆ ಬಿದ್ದ ಕಾಯಿ ಹೊರಗಿನಿಂದ ಎಲ್ಲ ಒಂದೇ. ಅಪ್ಪ ಒಂದೊಂದನ್ನೂ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದರು, ಒಳಗೆ ಗಿಟುಕು ಬಿಟ್ಟುಕೊಂಡಿದೆಯಾ ಅಂತ. ಬೇರೆ ತಂಡದ ಬೆಂಚು ಕಾಯ್ದವರನ್ನು ನೋಡುವುದೂ ಹೀಗೆಯೇ. ಅಂಕಿಗಳು ಏನೂ ಹೇಳುವುದಿಲ್ಲ, ಅವನು ಆಡಿಯೇ ಇರುವುದಿಲ್ಲವಲ್ಲ.

ಮೈಕ್ ವ್ರೇಬಲ್ ಪಿಟ್ಸ್‌ಬರ್ಗ್‌ನಲ್ಲಿ ನಾಲ್ಕು ವರ್ಷ ಬದಲಿಯಾಗಿಯೇ ಕಳೆದವರು. 2001ರಲ್ಲಿ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ಅವರನ್ನು ಕರೆಯಿತು. ಅದರ ಹಿಂದಿನ ಋತುವಿನಲ್ಲಿ ಆ ತಂಡ ಗೆದ್ದದ್ದು 5, ಸೋತದ್ದು 11. ಅದರ ಕೋಚ್ ಬಿಲ್ ಬೆಲಿಚಿಕ್ ದೊಡ್ಡ ಮೀನಿಗೆ ಗಾಳ ಹಾಕದೆ, ಬಫಲೋ ಬಿಟ್ಟುಕೊಟ್ಟ ಓಟಗಾರ ಆ್ಯಂಟೊವೇನ್ ಸ್ಮಿತ್, ವಯಸ್ಸಾದ ರೋಮನ್ ಫೈಫರ್ ಹೀಗೆ ಅಗ್ಗದವರನ್ನು ಸಾಲಾಗಿ ತಂದರು. ಸ್ಮಿತ್ ಆ ವರ್ಷ 1,157 ಗಜ ಓಡಿದರು, ತಂಡ ತನ್ನ ಮೊದಲ ಸೂಪರ್ ಬೌಲ್ ಗೆದ್ದಿತು. ವ್ರೇಬಲ್ ಅಲ್ಲಿ ಒಟ್ಟು ಮೂರು ಗೆದ್ದರು. ರಕ್ಷಣೆಯ ಆಟಗಾರನಾಗಿದ್ದೂ ಎರಡು ಸೂಪರ್ ಬೌಲ್‌ಗಳಲ್ಲಿ ಚೆಂಡು ಹಿಡಿದು ಟಚ್‌ಡೌನ್ ಮಾಡಿದರು.

ಇತ್ತೀಚಿನದು ಝ್ಯಾಕ್ ಬಾನ್. ನ್ಯೂ ಆರ್ಲಿಯನ್ಸ್‌ನಲ್ಲಿ ಹೆಚ್ಚಾಗಿ ಕಿಕ್ ಸಮಯದ ಆಟಕ್ಕೆ ಬಳಸುತ್ತಿದ್ದ ಹುಡುಗ. 2024ರಲ್ಲಿ ಈಗಲ್ಸ್ ಒಂದೇ ವರ್ಷಕ್ಕೆ, ಹೆಚ್ಚೆಂದರೆ 35 ಲಕ್ಷ ಡಾಲರ್ ಅಂತ ಕರೆತಂದಿತು. ರಕ್ಷಣೆಯ ಕೋಚ್ ವಿಕ್ ಫ್ಯಾಂಜಿಯೊ ಅವನನ್ನು ಅಂಚಿನಿಂದ ತೆಗೆದು ಮಧ್ಯದಲ್ಲಿ ನಿಲ್ಲಿಸಿದರು. ಆ ವರ್ಷ ಲೀಗಿನ ಅತ್ಯುತ್ತಮರ ಪಟ್ಟಿಯಾದ ಆಲ್-ಪ್ರೊ ಮೊದಲ ತಂಡಕ್ಕೆ ಬಂದ, ಸೂಪರ್ ಬೌಲ್‌ನಲ್ಲಿ ಎದುರಾಳಿ ಕ್ವಾರ್ಟರ್‌ಬ್ಯಾಕ್ ಪ್ಯಾಟ್ರಿಕ್ ಮಹೋಮ್ಸ್ ಎಸೆದ ಚೆಂಡನ್ನು ಕಸಿದ. ಮುಂದಿನ ಮಾರ್ಚ್‌ನಲ್ಲಿ 3 ವರ್ಷಕ್ಕೆ 5.1 ಕೋಟಿ. ನಾನು ಆಗ ಕೆಲಸ ಬಿಟ್ಟು ಎರಡು ವರ್ಷವಾಗಿತ್ತು. ಮನೆಯಲ್ಲಿ ಟಿವಿ ಮುಂದೆ ಕೂತು, ಇವನ ಫೈಲು ನಮ್ಮ ಕೈಗೆ ಬಂದಿದ್ದರೆ ನಾನೇನು ಬರೆಯುತ್ತಿದ್ದೆ ಅಂತ ಯೋಚಿಸಿದೆ. ‘ಬೇಡ’ ಅಂತಲೇ ಬರೆಯುತ್ತಿದ್ದೆ.

6. ಹೂಂ ಅಂದದ್ದು ಸಹಿಯಲ್ಲ.

2019ರಲ್ಲಿ ಆ್ಯಂಥನಿ ಬಾರ್ ನ್ಯೂಯಾರ್ಕ್ ಜೆಟ್ಸ್‌ಗೆ ಒಪ್ಪಿದ ಸುದ್ದಿ ದೇಶಕ್ಕೆಲ್ಲ ಗೊತ್ತಾಯಿತು. ಮರುದಿನ ಮನಸ್ಸು ಬದಲಿಸಿ ಹಳೆಯ ಮಿನೆಸೋಟಾಕ್ಕೇ ಉಳಿದರು. ಬುಧವಾರ ಸಂಜೆ 4ರವರೆಗೆ ಯಾರ ಕೈಯಲ್ಲೂ ಕಾಗದವಿಲ್ಲ. ಎರಡನೇ ಹೆಸರನ್ನು ಅಲ್ಲಿಯವರೆಗೆ ಫೋನಿನಿಂದ ಇಳಿಸಬೇಡಿ. ಮತ್ತೆ ನಾನಿದ್ದ ಕಾಲದಲ್ಲಿ ಆ 52 ಗಂಟೆಗಳ ಮಾತು ಏಜೆಂಟನ ಜೊತೆಗಷ್ಟೇ ಇತ್ತು, ಆಟಗಾರನ ಜೊತೆಗಲ್ಲ. 2024ರಲ್ಲಿ ಕರ್ಕ್ ಕಸಿನ್ಸ್ ವಿಷಯದಲ್ಲಿ ಈ ಗೆರೆ ದಾಟಿದ್ದಕ್ಕೆ ಅಟ್ಲಾಂಟಾ ಫಾಲ್ಕನ್ಸ್ ಎರಡೂವರೆ ಲಕ್ಷ ಡಾಲರ್ ದಂಡ ಕಟ್ಟಿ, ಡ್ರಾಫ್ಟ್‌ನ ಒಂದು ಆಯ್ಕೆಯನ್ನೂ ಕಳೆದುಕೊಂಡಿತು. ವಿಷಯ ಹೊರಬಿದ್ದದ್ದು ಕಸಿನ್ಸ್ ತಾನೇ ಪತ್ರಿಕಾಗೋಷ್ಠಿಯಲ್ಲಿ ಖುಷಿಯಿಂದ ಹೇಳಿಕೊಂಡಾಗ.

7. ವೈದ್ಯರು ಹೇಳಿದ್ದನ್ನು ಕೇಳಿ, ಮನೆಯವರು ಕೇಳಿದ್ದಕ್ಕೆ ಉತ್ತರ ಕೊಡಿ.

2006ರಲ್ಲಿ ಕ್ವಾರ್ಟರ್‌ಬ್ಯಾಕ್ ಡ್ರೂ ಬ್ರೀಸ್ ಎಸೆಯುವ ಭುಜಕ್ಕೇ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಸಂತೆಗೆ ಬಂದರು. ಮಿಯಾಮಿ ಡಾಲ್ಫಿನ್ಸ್ ವೈದ್ಯರಿಗೆ ನಂಬಿಕೆ ಬರಲಿಲ್ಲ, ತಂಡ ಬೇರೊಬ್ಬರನ್ನು ತಂದಿತು. ನ್ಯೂ ಆರ್ಲಿಯನ್ಸ್ ಧೈರ್ಯ ಮಾಡಿ 6 ವರ್ಷಕ್ಕೆ 6 ಕೋಟಿ ಕೊಟ್ಟಿತು, 2010ರ ಫೆಬ್ರವರಿಯಲ್ಲಿ ಸೂಪರ್ ಬೌಲ್ ಎತ್ತಿತು. ಜನ ಮಿಯಾಮಿಯನ್ನು ಇಂದಿಗೂ ಆಡಿಕೊಳ್ಳುತ್ತಾರೆ. ನಾನು ಆಡಿಕೊಳ್ಳುವುದಿಲ್ಲ. ಅಂಥ ಭುಜದ ಸ್ಕ್ಯಾನ್‌ಗಳು ನನ್ನ ಮೇಜಿಗೂ ಬಂದಿವೆ. ವೈದ್ಯರು ಬೇಡ ಅಂದ ಬಹಳಷ್ಟು ಸಲ ಅವರೇ ಸರಿಯಾಗಿದ್ದರು, ಅದು ಸುದ್ದಿಯಾಗಲಿಲ್ಲ ಅಷ್ಟೇ.

ನಮ್ಮ ಕೈ ತಪ್ಪಿದ ಒಬ್ಬ ಕಾರ್ನರ್‌ಬ್ಯಾಕ್ ಮಾತ್ರ ನನ್ನನ್ನು ಕಾಡುತ್ತಾನೆ. ದುಡ್ಡು ಒಪ್ಪಿಗೆಯಾಗಿತ್ತು. ಅವನ ಹೆಂಡತಿ ಊಟದ ಮೇಜಿನಲ್ಲಿ, ಕಿವಿ ಕೇಳದ ಮಗಳಿಗೆ ಈ ಊರಿನಲ್ಲಿ ಎಂಥ ಶಾಲೆ ಇದೆ ಅಂತ ಕೇಳಿದರು. ನಾವು ಆರು ಜನ ಕೂತಿದ್ದೆವು. ನಾಳೆ ವಿಚಾರಿಸಿ ಹೇಳುತ್ತೇವೆ ಅಂದೆವು. ಇನ್ನೊಂದು ತಂಡ ಅಂದು ರಾತ್ರಿಯೇ ಶಾಲೆಯ ಮುಖ್ಯಸ್ಥರ ಜೊತೆ ಫೋನಿನಲ್ಲಿ ಮಾತಾಡಿಸಿತು. ನಮಗಿಂತ ಕಡಿಮೆ ದುಡ್ಡಿಗೆ ಅವನು ಅಲ್ಲಿಗೆ ಹೋದ. ಮರುವರ್ಷದಿಂದ ಶಾಲೆ, ಬಾಡಿಗೆ ಮನೆ, ಚರ್ಚು, ಮಕ್ಕಳ ಡಾಕ್ಟರು ಎಲ್ಲ ಸೇರಿಸಿ ಒಂದು ಕಡತ ಮಾಡಿದೆ. ಜೊತೆಗೆ ತೆರಿಗೆಯ ಒಂದು ಹಾಳೆ. ಟೆಕ್ಸಸ್, ಫ್ಲೋರಿಡಾಗಳಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲ, ಕ್ಯಾಲಿಫೋರ್ನಿಯಾದಲ್ಲಿ ಮೇಲಿನ ಹಂತದಲ್ಲಿ ನೂರಕ್ಕೆ 13ರ ಮೇಲಿದೆ. ‘ಕೈಗೆಷ್ಟು ಬರುತ್ತದೆ’ ಅನ್ನುವ ಪ್ರಶ್ನೆ ಕೋಟ್ಯಧಿಪತಿಗಳ ಮನೆಯಲ್ಲೂ ಏಳುತ್ತದೆ.

8. ಕೊನೆಯ ಜಾಗ ತುಂಬುವುದು ನವೆಂಬರಿನಲ್ಲಿ.

ಮಾರ್ಚ್‌ನಲ್ಲಿ ಎಷ್ಟೇ ಅಂದವಾಗಿ ತುಂಬಿದರೂ ಅಕ್ಟೋಬರ್ ಹೊತ್ತಿಗೆ ಯಾರದೋ ಮಂಡಿ ಹೋಗಿರುತ್ತದೆ. ಯಾರೂ ಕರೆಯದೆ ಮನೆಯಲ್ಲಿ ಉಳಿದ ಹಳಬರ ಸರದಿ ಆಗ. ಮೊದಲ ವಾರದ ಪಂದ್ಯ ಮುಗಿದ ಮೇಲೆ ಅಂಥವರಿಗೆ ಇಡೀ ವರ್ಷದ ಸಂಬಳದ ಖಾತ್ರಿ ಕೊಡಬೇಕಾಗಿಲ್ಲ, ಅದಕ್ಕೇ ಎರಡನೇ ವಾರದಲ್ಲಿ ಫೋನುಗಳು ಜೋರು. ನನಗೆ ಈ ನಿಯಮ ಎಂದೂ ಇಷ್ಟವಾಗಲಿಲ್ಲ, ಬಳಸಿದ್ದು ಮಾತ್ರ ಪ್ರತಿ ವರ್ಷ. 2023ರಲ್ಲಿ ಕ್ಲೀವ್‌ಲ್ಯಾಂಡ್ ಬ್ರೌನ್ಸ್ ನವೆಂಬರಿನಲ್ಲಿ 38 ವರ್ಷದ ಜೋ ಫ್ಲಾಕೊ ಅವರನ್ನು ಮನೆಯಿಂದ ಎಬ್ಬಿಸಿ ತಂದಿತು. ಆರಂಭಿಸಿದ ಐದು ಲೀಗ್ ಪಂದ್ಯಗಳಲ್ಲಿ ನಾಲ್ಕು ಗೆದ್ದುಕೊಟ್ಟರು.

ಮಂಗಳವಾರಗಳಂದು ನಾವು ಅಂಥ ನಾಲ್ಕೈದು ಜನರನ್ನು ಕರೆಸಿ ಓಡಿಸಿ ನೋಡುತ್ತಿದ್ದೆವು. ಒಂದು ನವೆಂಬರಿನಲ್ಲಿ ಗೋಡೆಯ ಎರಡು ತುದಿ ಕಾಯುವ ನಮ್ಮ ಇಬ್ಬರು ಟ್ಯಾಕಲ್‌ಗಳು ಒಂದೇ ಪಂದ್ಯದಲ್ಲಿ ಕುಂಟಿಕೊಂಡು ಹೊರಬಂದರು. ಸೋಮವಾರ ಬೆಳಿಗ್ಗೆ ಪಟ್ಟಿಯ ಕೊನೆಯಲ್ಲಿದ್ದ 33 ವರ್ಷದವನಿಗೆ ನಾನೇ ಫೋನ್ ಮಾಡಿದೆ. ಮಗನನ್ನು ಶಾಲೆಗೆ ಬಿಟ್ಟು ವಾಪಸು ಬರುತ್ತಿದ್ದ. ಸಾಮಾನು ಕಟ್ಟಿಕೊಳ್ಳಲು ಎಷ್ಟು ಹೊತ್ತು ಬೇಕು ಅಂತ ಕೇಳಿದೆ.

‘ಬೂಟು ಆಗಸ್ಟ್‌ನಿಂದ ಕಾರಿನ ಡಿಕ್ಕಿಯಲ್ಲೇ ಇವೆ,’ ಅಂದ. ‘ಏರ್‌ಪೋರ್ಟ್ ದಾರಿಯಲ್ಲೇ ಇದ್ದೇನೆ. ಎಡಕ್ಕೆ ತಿರುಗಲಾ?’