ನಾಣ್ಯ ಪರೀಕ್ಷೆಗೆ ಎಂಥ ಭೂತಗನ್ನಡಿ?

ಪ್ರಶ್ನೆ: ಅಜ್ಜನ ಸಂಗ್ರಹದಲ್ಲಿ ಐದನೇ ಜಾರ್ಜ್ ಕಾಲದ ಬೆಳ್ಳಿ ರೂಪಾಯಿಗಳಿವೆ. ಹೊಸದಾಗಿ ಕೊಂಡ 30ಎಕ್ಸ್ ಭೂತಗನ್ನಡಿಯಲ್ಲಿ ಏನೂ ಸ್ಪಷ್ಟವಾಗಿ ಕಾಣುತ್ತಿಲ್ಲ. ಯಾವುದು ಸರಿ?

ಉತ್ತರ: 30ಎಕ್ಸ್ ಬದಿಗಿಡಿ. ಅದರಲ್ಲಿ ನಾಣ್ಯದ ಚೂರು ಭಾಗ ಮಾತ್ರ ಕಾಣುತ್ತದೆ. ಕೈ ತುಸು ಅಲುಗಿದರೂ ಮಸುಕಾಗುತ್ತದೆ. ಸವಕಳಿ, ಗೀರು ನೋಡಲು 5ರಿಂದ 7ಎಕ್ಸ್ ಸಾಕು. ಬಾಂಬೆ ಟಂಕಸಾಲೆಯ ಗುರುತಾದ ಚುಕ್ಕೆ, ನಕಲಿಯಲ್ಲಿ ಉಳಿಯುವ ಎರಕದ ಗುಳ್ಳೆ ಹುಡುಕಲು 10ಎಕ್ಸ್ ಟ್ರಿಪ್ಲೆಟ್ ಲೂಪ್ (ಮೂರು ಮಸೂರ ಜೋಡಿಸಿದ ಪುಟ್ಟ ಭೂತಗನ್ನಡಿ) ಕೊಳ್ಳಿ. ಲೂಪನ್ನು ಕಣ್ಣಿಗೆ ಹತ್ತಿರ ಹಿಡಿದು, ನಾಣ್ಯವನ್ನು ಅದರಿಂದ ಸುಮಾರು 2.5 ಸೆಂ.ಮೀ. ದೂರಕ್ಕೆ ತನ್ನಿ. ಬೆಳಕು ಓರೆಯಾಗಿ ಬೀಳಲಿ. ಅಂಚನ್ನಷ್ಟೇ ಮುಟ್ಟಿ, ಉಜ್ಜಿ ತೊಳೆಯಲೇಬೇಡಿ.

ತೂಕವನ್ನೂ ನೋಡಿ: ಅಸಲಿ ರೂಪಾಯಿ 11.66 ಗ್ರಾಂ, ಸವೆದಿದ್ದರೆ ತುಸು ಕಡಿಮೆ. ಅಂಚಿನಲ್ಲಿ ಜೋಡಣೆಯ ಗೆರೆ ಕಂಡರೆ ಅಥವಾ ಮಾರುವ ಯೋಚನೆಯಿದ್ದರೆ, ಮೊದಲು ನಾಣ್ಯ ತಜ್ಞರಿಗೆ ತೋರಿಸಿ.